ಬೃಹತ್ ಮೈಸೂರು: ಹಳ್ಳಿ, ಪಟ್ಟಣಗಳು ನಗರದೊಳಗೆ ಸೇರುವಾಗ

ಮೈಸೂರು ಮಹಾನಗರ ಪಾಲಿಕೆಯ ಗಡಿ ಎಲ್ಲಿ ಮುಗಿಯಿತೆಂಬುದು ರಸ್ತೆಯಲ್ಲಿ ಹೋಗುವವರಿಗೆ ತಿಳಿಯುವುದಿಲ್ಲ. ಹುಣಸೂರು ರಸ್ತೆಯಲ್ಲಿ ಹಿನಕಲ್ ದಾಟಿ ಹೂಟಗಳ್ಳಿ, ಬೆಳವಾಡಿಯ ಕಡೆಗೆ ಸಾಗಿದರೂ, ಬೋಗಾದಿಯ ದಾರಿ ಹಿಡಿದರೂ, ಶ್ರೀರಾಂಪುರದ ಬಡಾವಣೆಗಳನ್ನು ಹಾದುಹೋದರೂ ಮನೆಗಳ ಸಾಲು ಎಲ್ಲಿಯೂ ಕಡಿದುಹೋಗುವುದಿಲ್ಲ. ಆದರೆ ಮನೆ ಕಂದಾಯ ಕಟ್ಟುವ ಕಚೇರಿ, ಕಸದ ಗಾಡಿ ಕಳಿಸುವವರು, ನಲ್ಲಿಯಲ್ಲಿ ಬರುವ ನೀರು, ಬೀದಿ ದೀಪ ಕೆಟ್ಟರೆ ಫೋನ್ ಮಾಡಬೇಕಾದ ನಂಬರು ಎಲ್ಲವೂ ಆ ಕಾಣದ ಗೆರೆಯ ಆಚೆಗೆ ಬೇರೆಯಾಗುತ್ತವೆ. ಪಾಲಿಕೆಯ ಹೊರಗೆ, ಅದಕ್ಕೆ ಅಂಟಿಕೊಂಡಂತೆಯೇ, ಹೂಟಗಳ್ಳಿ ನಗರಸಭೆ ಇದೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಮತ್ತು ಕಡಕೊಳ ಪಟ್ಟಣ ಪಂಚಾಯಿತಿಗಳಿವೆ. ಇವುಗಳ ನಡುವೆಯೂ ಸುತ್ತಲೂ ಹಲವು ಗ್ರಾಮ ಪಂಚಾಯಿತಿಗಳಿವೆ. ಇವನ್ನೆಲ್ಲ ಪಾಲಿಕೆಯೊಡನೆ ಕೂಡಿಸಿ ಒಂದೇ ಆಡಳಿತ ಮಾಡುವ ಯೋಜನೆಗೆ ಬೃಹತ್ ಮೈಸೂರು ಮಹಾನಗರ ಪಾಲಿಕೆ ಎಂದು ಹೆಸರು. ವರ್ಷಗಳಿಂದ ಮಾತಿನಲ್ಲಿದ್ದ ಈ ಪ್ರಸ್ತಾವ 2025ರಲ್ಲಿ ಸರ್ಕಾರದ ಮಟ್ಟದಲ್ಲಿ ವೇಗ ಪಡೆಯಿತು.

ಸ್ಥಳೀಯ ಸಂಸ್ಥೆಗಳನ್ನು ಕೂಡಿಸುವುದೆಂದರೆ ಬರೀ ಗಡಿ ಬದಲಿಸುವುದಲ್ಲ. ತೆರಿಗೆಯ ದರ, ಜಮೀನಿನ ಕಾಗದಪತ್ರ, ಸರ್ಕಾರಿ ಯೋಜನೆಗಳ ಅರ್ಹತೆ, ಚುನಾಯಿತ ಸದಸ್ಯರ ಸಂಖ್ಯೆ, ಕೊನೆಗೆ ಊರಿನ ಕೆರೆಯ ಮೇಲಿನ ಅಧಿಕಾರ ಕೂಡ ಬದಲಾಗುತ್ತದೆ. ಆದ್ದರಿಂದ ಯಾವುದು ಯಾವ ಕಾನೂನಿನ ಕೆಳಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರ 243ಕ್ಯೂ ವಿಧಿ ನಗರಾಡಳಿತಕ್ಕೆ ಮೂರು ಮೆಟ್ಟಿಲುಗಳನ್ನು ಹಾಕಿಕೊಟ್ಟಿತು. ಹಳ್ಳಿಯ ಲಕ್ಷಣ ಕಳೆದುಕೊಂಡು ಪಟ್ಟಣವಾಗುತ್ತಿರುವ ಪ್ರದೇಶಕ್ಕೆ ಪಟ್ಟಣ ಪಂಚಾಯಿತಿ, ಸಣ್ಣ ನಗರಗಳಿಗೆ ಪುರಸಭೆ ಅಥವಾ ನಗರಸಭೆ, ದೊಡ್ಡ ನಗರಗಳಿಗೆ ಮಹಾನಗರ ಪಾಲಿಕೆ. ಕರ್ನಾಟಕದಲ್ಲಿ ಮೊದಲೆರಡು 1964ರ ಪೌರಸಭೆಗಳ ಕಾಯ್ದೆಗೆ ಒಳಪಟ್ಟರೆ, ಪಾಲಿಕೆಗಳು 1976ರ ಪೌರನಿಗಮಗಳ ಕಾಯ್ದೆಯಂತೆ ನಡೆಯುತ್ತವೆ. ಜನಸಂಖ್ಯೆ 10,000ದಿಂದ 20,000ದೊಳಗಿದ್ದರೆ ಪಟ್ಟಣ ಪಂಚಾಯಿತಿ, 50,000 ದಾಟಿದರೆ ನಗರಸಭೆ, 3 ಲಕ್ಷಕ್ಕೆ ಕಡಿಮೆಯಿಲ್ಲದಿದ್ದರೆ ಪಾಲಿಕೆ. ಪಾಲಿಕೆಯಾಗಲು ಪ್ರತಿ ಚದರ ಕಿಲೋಮೀಟರಿಗೆ ಕನಿಷ್ಠ 3,000 ಜನರಿರಬೇಕು, ದುಡಿಯುವವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೇಸಾಯವಲ್ಲದ ಕಸುಬಿನಲ್ಲಿರಬೇಕು ಎಂಬ ಷರತ್ತುಗಳೂ ಉಂಟು. ಗಡಿ ಬದಲಿಸುವ ಅಧಿಕಾರ ರಾಜ್ಯ ಸರ್ಕಾರದ್ದು. ಅದು ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗಳಿಗೆ ಕಾಲಾವಕಾಶ ಕೊಟ್ಟು, ಬಂದ ಅರ್ಜಿಗಳನ್ನು ಪರಿಶೀಲಿಸಿ ಅಂತಿಮ ಅಧಿಸೂಚನೆ ಮಾಡುತ್ತದೆ. ಇಷ್ಟೇ ಪ್ರಕ್ರಿಯೆ. ಊರಿನವರು ಮತ ಹಾಕಿ ಹೌದು ಅಥವಾ ಬೇಡ ಎನ್ನುವ ಅವಕಾಶ ಇದರಲ್ಲಿಲ್ಲ.

ಮೈಸೂರು ಹಳ್ಳಿಗಳನ್ನು ಒಳಗೊಳ್ಳುತ್ತ ಬೆಳೆದ ಕಥೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಕೋಟೆಯೊಳಗೂ ಸುತ್ತಲೂ ಇಕ್ಕಟ್ಟಾಗಿದ್ದ ಮನೆಗಳಲ್ಲಿ ಸಾವುನೋವು ಉಂಟಾದಾಗ, ಊರನ್ನು ಗಾಳಿಬೆಳಕಿಗೆ ತೆರೆಯಲೇಬೇಕಾಯಿತು. ಇದಕ್ಕಾಗಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ದೇಶದಲ್ಲಿ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಯಾದವಗಿರಿಯಂಥ ಬಡಾವಣೆಗಳು ಆ ಮೇಲಿನ ದಶಕಗಳಲ್ಲಿ ಎದ್ದವು. ಅವು ಎದ್ದದ್ದು ಬರಿದಾದ ನೆಲದ ಮೇಲಲ್ಲ, ಹಳ್ಳಿಗಳ ಹೊಲಗದ್ದೆಗಳ ಮೇಲೆ. ಪಡುವಾರಹಳ್ಳಿ, ಕುಕ್ಕರಹಳ್ಳಿ, ಮಂಚೇಗೌಡನಕೊಪ್ಪಲು, ಕುಂಬಾರಕೊಪ್ಪಲು, ಕ್ಯಾತಮಾರನಹಳ್ಳಿ, ಮೇಟಗಳ್ಳಿ, ಕೆಸರೆ, ಕನ್ನೇಗೌಡನಕೊಪ್ಪಲು ಇಂದು ನಗರದ ನಡುವಿನ ಹೆಸರುಗಳು. ಇವುಗಳ ಒಳಬೀದಿಗಳಲ್ಲಿ ಹಳೆಯ ಊರಿನ ಗುಡಿ, ಅರಳಿಕಟ್ಟೆ, ಸಾಲು ಮನೆಗಳು ಇನ್ನೂ ಉಳಿದಿವೆ. ಹೊರಗೆ ಅಗಲ ರಸ್ತೆಯ ಬಡಾವಣೆ, ಒಳಗೆ ಓಣಿಗಳ ಹಳ್ಳಿ. ಈ ವಿನ್ಯಾಸ ಮೈಸೂರಿನ ಉದ್ದಗಲಕ್ಕೂ ಕಾಣುತ್ತದೆ.

ಆಗಿನ ಬೆಳವಣಿಗೆಗೂ ಈಗಿನದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸುಧಾರಣಾ ಮಂಡಳಿ ಮೊದಲು ರಸ್ತೆ, ಚರಂಡಿ ಹಾಕಿ ಆಮೇಲೆ ನಿವೇಶನ ಹಂಚುತ್ತಿತ್ತು. ಬಡಾವಣೆ ಪೂರ್ತಿಯಾದ ಮೇಲೆ ಅದು ಪೌರಾಡಳಿತಕ್ಕೆ ಸೇರುತ್ತಿತ್ತು. 1977ರಲ್ಲಿ ಮೈಸೂರು ಪಾಲಿಕೆಯಾಯಿತು. 1988ರಲ್ಲಿ ಸುಧಾರಣಾ ಮಂಡಳಿಯ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂತು. ಬೇಡಿಕೆ ಏರಿದಂತೆ ಮುಡಾದ ಬಡಾವಣೆಗಳು ಪಾಲಿಕೆಯ ಗಡಿಯನ್ನು ದಾಟಿದವು, ಖಾಸಗಿ ಬಡಾವಣೆಗಳು ಮುಡಾವನ್ನೂ ದಾಟಿ ಓಡಿದವು. ಅವುಗಳ ಬೆನ್ನಿಗೇ ಭೂಪರಿವರ್ತನೆಯೂ ಇಲ್ಲದ, ನಕ್ಷೆಯ ಅನುಮೋದನೆಯೂ ಇಲ್ಲದ ರೆವಿನ್ಯೂ ಸೈಟುಗಳು ಹೊಲದ ಬದುಗಳನ್ನೇ ರಸ್ತೆ ಮಾಡಿಕೊಂಡು ಹಬ್ಬಿದವು. ನಗರವನ್ನು ಸುತ್ತುವ ಸುಮಾರು 42 ಕಿಲೋಮೀಟರಿನ ಹೊರವರ್ತುಲ ರಸ್ತೆ ಬಂದ ಮೇಲಂತೂ ಆ ರಸ್ತೆಯ ಎರಡೂ ಬದಿಯ ಜಮೀನು ವೇಗವಾಗಿ ಸೈಟುಗಳಾಯಿತು. ಮನೆ ಕಟ್ಟಿದವರು ನಗರದ ಜನ, ನೋಡಿಕೊಳ್ಳಬೇಕಾದದ್ದು ಗ್ರಾಮ ಪಂಚಾಯಿತಿ. ಕೆಲವೇ ಸಾವಿರ ಜನರ ಹಳ್ಳಿಗೆಂದು ರೂಪುಗೊಂಡ ಪಂಚಾಯಿತಿಯಲ್ಲಿ ಒಬ್ಬ ಅಭಿವೃದ್ಧಿ ಅಧಿಕಾರಿ, ಒಬ್ಬ ಬಿಲ್ ಕಲೆಕ್ಟರ್, ಕೆಲವು ನೀರುಗಂಟಿಗಳು. ಅವರ ಮೇಲೆ ಸಾವಿರಾರು ಹೊಸ ಮನೆಗಳ ನೀರು, ಕಸ, ಖಾತೆಗಳ ಭಾರ ಬಿತ್ತು.

ಈ ಅಂಚಿನ ತೊಂದರೆಗಳಲ್ಲಿ ಅತಿ ದೊಡ್ಡದು ನೀರು, ಅದರ ಜೊತೆಗೇ ಬರುವ ಕೊಳಚೆ. ಮೈಸೂರು ನಗರಕ್ಕೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿ ನೀರು, ಬಿದರಗೋಡಿನಿಂದ ಕಬಿನಿ ನೀರು ಬರುತ್ತದೆ. ವಾಣಿವಿಲಾಸ ನೀರು ಸರಬರಾಜು ವಿಭಾಗ ಅದನ್ನು ಹಂಚುತ್ತದೆ. ನಗರದಾಚೆಯ ಅನೇಕ ಬಡಾವಣೆಗಳು ಬಹುಕಾಲ ನಂಬಿದ್ದು ಕೊಳವೆಬಾವಿಯನ್ನು, ಬೇಸಿಗೆಯಲ್ಲಿ ಟ್ಯಾಂಕರನ್ನು. ಕಾವೇರಿಯಿಂದ ನಗರಕ್ಕೂ ಸುತ್ತಲಿನ ಹಳ್ಳಿಗಳಿಗೂ ನೀರು ತರಲೆಂದೇ ಹಳೇ ಉಂಡುವಾಡಿ ಯೋಜನೆಯನ್ನು ರೂಪಿಸಲಾಗಿದೆ. ಇನ್ನು ಕೊಳಚೆಯ ಮಾತು. ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಗಳಲ್ಲಿ ನಗರದ ಶುದ್ಧೀಕರಣ ಘಟಕಗಳಿವೆ. ಒಳಚರಂಡಿ ಜಾಲದ ಆಚೆ ಎದ್ದ ಬಡಾವಣೆಗಳ ಕೊಳಚೆಗೆ ಈ ಘಟಕಗಳನ್ನು ಸೇರುವ ದಾರಿಯಿಲ್ಲ. ಅದು ಇಳಿಜಾರು ಹಿಡಿದು ಹೋಗುತ್ತದೆ, ಮೈಸೂರಿನ ಇಳಿಜಾರುಗಳೆಲ್ಲ ಒಂದಲ್ಲ ಒಂದು ಕೆರೆಗೆ ಮುಟ್ಟುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಲಿಂಗಾಂಬುಧಿ ಕೆರೆಯೂ ದಳವಾಯಿ ಕೆರೆಯೂ ಹೀಗೆ ಕೊಳಚೆಯ ಹೊಡೆತ ತಿಂದವು. ಕೆರೆಗೆ ಗ್ರಾಮ ಪಂಚಾಯಿತಿ, ಪಾಲಿಕೆ ಎಂಬ ಭೇದವಿಲ್ಲ. ಮೇಲಿನ ಊರಿನವರು ಬಿಟ್ಟದ್ದನ್ನು ಕೆಳಗಿನ ಊರಿನವರು ಉಣ್ಣಬೇಕು. ಹೊರವರ್ತುಲ ರಸ್ತೆಯ ದೀಪಗಳ ಕಥೆಯೂ ಇಂಥದ್ದೇ. ರಸ್ತೆ ಒಂದೇ, ಅದು ಹಾದುಹೋಗುವ ಸಂಸ್ಥೆಗಳು ಹಲವು. ದೀಪದ ಬಿಲ್ಲು ಯಾರು ಕಟ್ಟಬೇಕೆಂಬ ಮಾತು ಮುಗಿಯದೆ ಅದರ ಭಾಗಗಳು ಕತ್ತಲಲ್ಲಿ ಉಳಿದ ಕಾಲವಿತ್ತು.

ಈ ಒತ್ತಡಕ್ಕೆ ಸರ್ಕಾರ ಕೊಟ್ಟ ಮೊದಲ ಉತ್ತರ 2020–21ರಲ್ಲಿ ಬಂತು. ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ ಸುತ್ತಲ ಪಂಚಾಯಿತಿಗಳನ್ನು ಕೂಡಿಸಿ ಹೂಟಗಳ್ಳಿ ನಗರಸಭೆ ಮಾಡಲಾಯಿತು. ಉಳಿದ ದಿಕ್ಕುಗಳಲ್ಲಿ ನಾಲ್ಕು ಪಟ್ಟಣ ಪಂಚಾಯಿತಿಗಳು ಬಂದವು. ಅಂದರೆ ಮೈಸೂರಿನ ಸುತ್ತಲ ಹಳ್ಳಿಗಳ ಒಂದು ಸುತ್ತಿನ ವಿಲೀನ ಆಗಲೇ ನಡೆದುಹೋಗಿದೆ. ಬೃಹತ್ ಮೈಸೂರು ಎರಡನೆಯ ಸುತ್ತು. ಮೊದಲನೆಯದರಲ್ಲಿ ಕಲಿಯಬೇಕಾದ ಪಾಠವೂ ಇದೆ. ಗ್ರಾಮ ಪಂಚಾಯಿತಿಗಳು ಹೋದವು, ಆದರೆ ಹೊಸ ಸಂಸ್ಥೆಗಳಿಗೆ ವರ್ಷಗಟ್ಟಲೆ ಚುನಾಯಿತ ಮಂಡಳಿಯೇ ಬರಲಿಲ್ಲ. ಆಡಳಿತಾಧಿಕಾರಿ, ಮುಖ್ಯಾಧಿಕಾರಿ, ಪೌರಾಯುಕ್ತರೇ ಎಲ್ಲವನ್ನೂ ನಡೆಸಿದರು. ಪಾಲಿಕೆಯದೂ ಅದೇ ಪಾಡು. 65 ವಾರ್ಡುಗಳ ಅದರ ಚುನಾಯಿತ ಮಂಡಳಿಯ ಅವಧಿ 2023ರ ನವೆಂಬರಿನಲ್ಲಿ ಮುಗಿದ ಮೇಲೆ ಅಲ್ಲಿಯೂ ಆಡಳಿತಾಧಿಕಾರಿಯ ಆಡಳಿತವೇ ಬಂತು. ಹೀಗಾಗಿ 2025ರಲ್ಲಿ ವಿಲೀನದ ಮಾತು ಬಿರುಸಾದಾಗ, ಸೇರಿಸಿಕೊಳ್ಳುವ ಪಾಲಿಕೆಯಲ್ಲೂ ಸೇರಬೇಕಾದ ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲೂ ಜನರ ಪರವಾಗಿ ಚರ್ಚಿಸುವ ಸದಸ್ಯರೇ ಇರಲಿಲ್ಲ. ಇಡೀ ಪ್ರಸ್ತಾವದ ದುರ್ಬಲ ಜಾಗ ಇದು.

ಹಳ್ಳಿಯೊಂದು ನಗರದೊಳಗೆ ಸೇರಿದಾಗ ಅಲ್ಲಿನ ಕುಟುಂಬಕ್ಕೆ ಏನೇನು ಬದಲಾಗುತ್ತದೆ? ಮೊದಲು ತಾಗುವುದು ತೆರಿಗೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆಸ್ತಿ ತೆರಿಗೆಯನ್ನು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆಗೆ ಹೊಂದಿಸಿ ಲೆಕ್ಕ ಹಾಕಲಾಗುತ್ತದೆ. ಸೈಟಿನ ಬೆಲೆ ಏರಿದ ಅಂಚಿನ ಊರುಗಳಲ್ಲಿ ಇದರಿಂದ ಕಂದಾಯ ಹೆಚ್ಚುತ್ತದೆ; ಹಸು ಕಟ್ಟುವ ಹಿತ್ತಲಿನ ಹಳೆಯ ಮನೆಗೂ ಅದು ತಪ್ಪುವುದಿಲ್ಲ. ಆಮೇಲೆ ಖಾತೆ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11, ನಗರದಲ್ಲಿ ಇ-ಆಸ್ತಿ. ಒಂದರಿಂದ ಇನ್ನೊಂದಕ್ಕೆ ದಾಖಲೆ ಸಾಗಿಸುವ ಹೊತ್ತಿನಲ್ಲಿ ಅಳತೆ, ಹೆಸರು, ಚಕ್ಕುಬಂದಿ ಯಾವುದು ತಪ್ಪಿದರೂ ಮಾರಾಟ, ಸಾಲ, ವಿಭಾಗ ಎಲ್ಲ ನಿಲ್ಲುತ್ತವೆ. ಅನುಮೋದನೆಯಿಲ್ಲದ ಸೈಟುಗಳಿಗೆ ಬಿ-ಖಾತೆ ಸಿಗಬಹುದು. ಅದು ತೆರಿಗೆ ಕಟ್ಟಿಸಿಕೊಳ್ಳುವ ಪಟ್ಟಿಯೇ ಹೊರತು ಬಡಾವಣೆಯನ್ನು ಸಕ್ರಮಗೊಳಿಸುವ ಆದೇಶವಲ್ಲ. ನಗರಕ್ಕೆ ಸೇರಿದೊಡನೆ ಎಲ್ಲ ಸೈಟೂ ಸರಿಹೋಗುತ್ತದೆ ಎಂದು ನಂಬಿ ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ರೈತರ ಮಟ್ಟಿಗೆ ಲೆಕ್ಕ ಇನ್ನೂ ದೂರ ಹೋಗುತ್ತದೆ. ಆದಾಯ ತೆರಿಗೆ ಕಾನೂನಿನಲ್ಲಿ ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ. ಅದನ್ನು ಮಾರಿದ ಲಾಭಕ್ಕೆ ತೆರಿಗೆಯಿಲ್ಲ. ಆದರೆ ನಗರದ ಗಡಿಯೊಳಗಿನ ಜಮೀನಿಗೆ ಈ ರಿಯಾಯಿತಿ ಇಲ್ಲ. ಜನಸಂಖ್ಯೆ 1 ಲಕ್ಷ ಮೀರಿ 10 ಲಕ್ಷದೊಳಗಿರುವ ನಗರವಾದರೆ ಅದರ ಗಡಿಯಿಂದ 6 ಕಿಲೋಮೀಟರ್, 10 ಲಕ್ಷ ದಾಟಿದ ನಗರವಾದರೆ 8 ಕಿಲೋಮೀಟರ್ ದೂರದವರೆಗಿನ ಜಮೀನಿಗೂ ಅದು ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಆಸುಪಾಸಿನಲ್ಲಿತ್ತು. ವಿಲೀನದಿಂದ ಗಡಿ ಹೊರಗೆ ಸರಿದು, ಮುಂದಿನ ಗಣತಿಯಲ್ಲಿ ಸಂಖ್ಯೆ 10 ಲಕ್ಷ ದಾಟಿದರೆ, ನಗರಕ್ಕೆ ಸೇರದ ಹಳ್ಳಿಗಳ ರೈತರೂ ಈ ಲೆಕ್ಕದೊಳಗೆ ಬರುತ್ತಾರೆ. ವಿಲೀನದ ಸಭೆಗಳಲ್ಲಿ ಈ ವಿಷಯವನ್ನು ರೈತರಿಗೆ ಬಿಡಿಸಿ ಹೇಳುವುದು ಆಡಳಿತದ ಕರ್ತವ್ಯ.

ಕೂಲಿ ಮಾಡುವ ಮನೆಗಳಿಗೆ ಇನ್ನೊಂದು ನಷ್ಟವಿದೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ಗ್ರಾಮ ಪಂಚಾಯಿತಿಯ ಹಳ್ಳಿಗಳಿಗೆ ಮಾತ್ರ; ಊರು ನಗರವಾದ ದಿನ ಆ ಹಕ್ಕು ನಿಲ್ಲುತ್ತದೆ, ಆದರೆ ಕೂಲಿಯ ಅಗತ್ಯ ಅಂದೇ ನಿಲ್ಲುವುದಿಲ್ಲ. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಇರುವ ಮೀಸಲಾತಿಯೂ ಮುಂದಿನ ಮಕ್ಕಳಿಗೆ ಸಿಗುವುದಿಲ್ಲ. ಶಾಲೆ ಅದೇ, ಮೇಷ್ಟ್ರು ಅವರೇ, ಬದಲಾದದ್ದು ಊರು ಯಾವ ಕಾಯ್ದೆಗೆ ಸೇರಿದೆ ಎಂಬುದಷ್ಟೇ.

ಇವೆಲ್ಲಕ್ಕಿಂತ ಆಳವಾದ ಬದಲಾವಣೆ ಪ್ರಾತಿನಿಧ್ಯದ್ದು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. 4,000 ಜನರ ಹಳ್ಳಿಗೆ ಹತ್ತು ಮಂದಿ. ಅವರಲ್ಲಿ ಅರ್ಧದಷ್ಟು ಹೆಂಗಸರು, ಪರಿಶಿಷ್ಟರಿಗೆ ಅವರ ಜನಸಂಖ್ಯೆಯ ಪ್ರಮಾಣದ ಸ್ಥಾನಗಳು. ಪಾಲಿಕೆಯಲ್ಲಿ 65 ವಾರ್ಡುಗಳಿಗೆ 9 ಲಕ್ಷ ಜನ ಎಂದು ಲೆಕ್ಕ ಹಾಕಿದರೆ ಸುಮಾರು 14,000 ಜನರಿಗೆ ಒಬ್ಬ ಕಾರ್ಪೊರೇಟರ್. ಹತ್ತು ಸದಸ್ಯರಿದ್ದ ಆ ಹಳ್ಳಿ ಒಂದು ವಾರ್ಡಿನ ಮೂರನೆಯ ಒಂದು ಭಾಗವೂ ಆಗುವುದಿಲ್ಲ. ಅದರ ಜೊತೆಗೆ ಗ್ರಾಮಸಭೆ ಹೋಗುತ್ತದೆ. ಮತದಾರರೆಲ್ಲ ಕುಳಿತು ಫಲಾನುಭವಿಗಳನ್ನು ಆರಿಸುವ, ಲೆಕ್ಕ ಕೇಳುವ ಸಭೆ ಅದು. ಗ್ರಾಮಸಭೆಗಳು ಎಲ್ಲ ಕಡೆ ಚೆನ್ನಾಗಿ ನಡೆಯುತ್ತವೆ ಎಂದಲ್ಲ. ಆದರೂ ದಲಿತ ಕೇರಿಯ ಹೆಂಗಸೊಬ್ಬಳು ಎದ್ದು ನಿಂತು ಅಧ್ಯಕ್ಷರನ್ನು ಹೆಸರು ಹಿಡಿದು ಕೇಳಬಲ್ಲ ಜಾಗ ಆಡಳಿತದಲ್ಲಿ ಬೇರೆ ಯಾವುದೂ ಇಲ್ಲ.

ಲಾಭದ ಬದಿಯೂ ದೊಡ್ಡದೇ. ಪಾಲಿಕೆಗೆ ಎಂಜಿನಿಯರುಗಳಿದ್ದಾರೆ, ಆರೋಗ್ಯಾಧಿಕಾರಿಗಳಿದ್ದಾರೆ, ಕಸ ವಿಲೇವಾರಿಯ ಅನುಭವವಿದೆ. 2015 ಮತ್ತು 2016ರ ರಾಷ್ಟ್ರೀಯ ಸ್ವಚ್ಛತಾ ಪಟ್ಟಿಗಳಲ್ಲಿ ಮೈಸೂರು ಮೊದಲ ಸ್ಥಾನ ಪಡೆದದ್ದು ಆ ಅನುಭವದಿಂದ, ಮುಖ್ಯವಾಗಿ ಅದರ ಪೌರಕಾರ್ಮಿಕರ ದುಡಿಮೆಯಿಂದ. ಶುದ್ಧೀಕರಣ ಘಟಕವಾಗಲಿ ನದಿಯಿಂದ ನೀರೆತ್ತುವ ಯೋಜನೆಯಾಗಲಿ ಒಂದು ಪಟ್ಟಣ ಪಂಚಾಯಿತಿಯ ಕೈಗೆ ಎಟುಕುವಂಥದಲ್ಲ. ಕೈಗಾರಿಕೆಗಳಿರುವ ಹೂಟಗಳ್ಳಿಯ ಆದಾಯಕ್ಕೂ ವಾಸದ ಮನೆಗಳೇ ಹೆಚ್ಚಿರುವ ಪಟ್ಟಣ ಪಂಚಾಯಿತಿಗಳ ಆದಾಯಕ್ಕೂ ಹೋಲಿಕೆಯಿಲ್ಲ. ಒಟ್ಟಿಗೆ ಸೇರಿದರೆ ಉಳ್ಳ ಕಡೆಯ ತೆರಿಗೆ ಇಲ್ಲದ ಕಡೆಯ ಚರಂಡಿಗೆ ಒದಗುತ್ತದೆ. ಮಳೆನೀರು ಕಾಲುವೆಯೊಂದನ್ನು ಅದು ಹುಟ್ಟುವ ಜಾಗದಿಂದ ಕೆರೆಯವರೆಗೆ ಒಂದೇ ಸಂಸ್ಥೆ ನೋಡಿಕೊಂಡರೆ ಮಾತ್ರ ಒತ್ತುವರಿ ತಡೆಯಲು ಸಾಧ್ಯ. ಅಂಚಿನ ಬಡಾವಣೆಗಳ ನಿವಾಸಿಗಳಲ್ಲಿ ಅನೇಕರು ವಿಲೀನವನ್ನು ಬಯಸುವುದಕ್ಕೆ ಈ ಕಾರಣಗಳು ಸಾಕು.

ಕರ್ನಾಟಕಕ್ಕೆ ಈ ವಿಷಯದಲ್ಲಿ ಸ್ವಂತ ಅನುಭವ ಬೇಕಾದಷ್ಟಿದೆ. ಬೆಂಗಳೂರಿನ ಪೇಟೆ ಮತ್ತು ದಂಡು ಪ್ರದೇಶದ ಎರಡು ಪೌರಸಂಸ್ಥೆಗಳು 1949ರಲ್ಲಿ ಒಂದಾಗಿ ಕಾರ್ಪೊರೇಷನ್ ಆದವು. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಪಾಲಿಕೆಯ ಕೆಳಗೆ ಬಂದವು. ವ್ಯಾಪಾರದ ಊರು, ವಿದ್ಯೆಯ ಊರು, ನಡುವೆ ಸುಮಾರು 20 ಕಿಲೋಮೀಟರ್. ಅನುದಾನವೂ ಅಧಿಕಾರವೂ ಹುಬ್ಬಳ್ಳಿಯ ಪಾಲಾಗುತ್ತವೆ ಎಂಬ ಕೊರಗು ಧಾರವಾಡದವರಲ್ಲಿ ದಶಕಗಳ ಕಾಲ ಆರಲಿಲ್ಲ. ಕೊನೆಗೆ 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ಒಪ್ಪಿತು. 82 ವಾರ್ಡುಗಳಲ್ಲಿ 26 ಅದರ ಪಾಲಿಗೆ. ಅರವತ್ತೆರಡು ವರ್ಷ ಕಳೆದರೂ ಕೂಡಿಕೆ ಮನಸ್ಸಿಗೆ ಒಗ್ಗಲಿಲ್ಲ. ಹಳ್ಳಿಗಳ ಮಟ್ಟದಲ್ಲೂ ಇಂಥ ಏರಿಳಿತ ನಡೆದಿದೆ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬ್ ಅವರ ಕಾಲದಲ್ಲಿ, 1983ರ ಕಾಯ್ದೆಯಂತೆ, ಹಳ್ಳಿಗಳನ್ನು ಸೇರಿಸಿ ದೊಡ್ಡ ಮಂಡಲ ಪಂಚಾಯಿತಿಗಳನ್ನು ಮಾಡಲಾಗಿತ್ತು. 1993ರ ಕಾಯ್ದೆ ಅವನ್ನು ಬಿಟ್ಟು ಚಿಕ್ಕ ಗ್ರಾಮ ಪಂಚಾಯಿತಿಗಳಿಗೆ ಮರಳಿತು.

ಮೈಸೂರಿನವರು ಹೆಚ್ಚು ಗಮನದಿಂದ ಓದಬೇಕಾದದ್ದು ಬೆಂಗಳೂರಿನ 2007ರ ಅಧ್ಯಾಯ. ಆ ವರ್ಷ ಯಲಹಂಕ, ಬ್ಯಾಟರಾಯನಪುರ, ಮಹದೇವಪುರ, ಕೃಷ್ಣರಾಜಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಹಳೆಯ ಪಾಲಿಕೆಯೊಡನೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ವಿಸ್ತೀರ್ಣ 226 ಚದರ ಕಿಲೋಮೀಟರಿನಿಂದ 700 ದಾಟಿತು. ತೆರಿಗೆ ಕೂಡಲೇ ನಗರದ್ದಾಯಿತು. ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಕಾವೇರಿ ಐದನೇ ಹಂತದ ನೀರು ಆ 110 ಹಳ್ಳಿಗಳಿಗೆಂದು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಅಂದರೆ ವಿಲೀನವಾಗಿ ಹದಿನೇಳು ವರ್ಷಗಳ ಮೇಲೆ. 2007ರಲ್ಲಿ ಹುಟ್ಟಿದ ಮಗು ಕಾಲೇಜು ಸೇರುವ ವಯಸ್ಸಿಗೆ ಬಂದಾಗ ನೀರು ಬಂತು. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಚುನಾಯಿತ ಮಂಡಳಿ ಮುಗಿದ ಮೇಲೆ ಮತ್ತೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದೇ ಬೃಹತ್ ಪಾಲಿಕೆಯನ್ನು ಒಡೆದು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳನ್ನು ಮಾಡಲಾಯಿತು. ನೆರೆಯ ಮಹಾರಾಷ್ಟ್ರದ ಪುಣೆಯಲ್ಲಿ 2017ರಲ್ಲಿ ಹನ್ನೊಂದು ಹಳ್ಳಿಗಳು ಪಾಲಿಕೆಗೆ ಸೇರಿದವು. ಅವುಗಳಲ್ಲಿ ಉರುಳಿ ದೇವಾಚಿ ಮತ್ತು ಫುರಸುಂಗಿ ಹೆಚ್ಚಿದ ತೆರಿಗೆಯ ವಿರುದ್ಧ ದನಿಯೆತ್ತಿ ಹೊರಬಂದು ತಮ್ಮದೇ ನಗರ ಪರಿಷತ್ತು ಪಡೆದವು.

ಊರುಗಳನ್ನು ಕೂಡಿಸುವುದನ್ನು ವ್ಯಾಪಕವಾಗಿ ಮಾಡಿದ ದೇಶಗಳಲ್ಲಿ ಜಪಾನ್ ಒಂದು. ಅಲ್ಲಿ ಮೂರು ದೊಡ್ಡ ಅಲೆಗಳು ನಡೆದವು, ಪ್ರತಿಯೊಂದಕ್ಕೂ ಒಂದು ಸ್ಪಷ್ಟ ಉದ್ದೇಶವಿತ್ತು. ಮೇಜಿ ಯುಗದಲ್ಲಿ, 1888ರಲ್ಲಿ 71,314 ಇದ್ದ ಊರುಗಳು ಮರುವರ್ಷ 15,859 ಆದವು. ಒಂದು ಪ್ರಾಥಮಿಕ ಶಾಲೆಯನ್ನು ನಡೆಸಿ, ತೆರಿಗೆ ಮತ್ತು ಕುಟುಂಬ ನೋಂದಣಿಯನ್ನು ನಿಭಾಯಿಸಲು 300ರಿಂದ 500 ಮನೆಗಳಾದರೂ ಬೇಕೆಂಬುದು ಅಳತೆ. ಎರಡನೇ ಮಹಾಯುದ್ಧದ ನಂತರ ಮಾಧ್ಯಮಿಕ ಶಾಲೆ ನಡೆಸುವ ಹೊಣೆ ಊರುಗಳಿಗೆ ಬಂದಾಗ, 8,000 ಜನಸಂಖ್ಯೆ ಹೊಸ ಅಳತೆಯಾಯಿತು. 1953ರಲ್ಲಿ 9,868 ಇದ್ದದ್ದು 1961ಕ್ಕೆ 3,472ಕ್ಕೆ ಇಳಿಯಿತು. ಮೂರನೆಯದು ಹೈಸೇ ಯುಗದ ವಿಲೀನ. 1999ರಲ್ಲಿ 3,232 ಇದ್ದ ಸ್ಥಳೀಯ ಸಂಸ್ಥೆಗಳು 2010ಕ್ಕೆ 1,727 ಆದವು. ಈ ಬಾರಿ ಕಾರಣ ಬೇರೆ. ಯುವಕರು ನಗರ ಸೇರಿ, ಮುದುಕರಷ್ಟೇ ಉಳಿದ ಹಳ್ಳಿಗಳಿಗೆ ಆಡಳಿತದ ಖರ್ಚು ಹೊರಲಾಗುತ್ತಿರಲಿಲ್ಲ. ಸೇರುವವರಿಗೆ ಕೇಂದ್ರ ಸರ್ಕಾರ ವಿಶೇಷ ಸಾಲಪತ್ರದ ಅವಕಾಶ ಕೊಟ್ಟಿತು. ಯೋಜನೆಯ ವೆಚ್ಚದ ಶೇಕಡ 95ರವರೆಗೆ ಸಾಲ, ಅದರ ಮರುಪಾವತಿಯಲ್ಲಿ ಶೇಕಡ 70 ಕೇಂದ್ರದ ಹೊಣೆ. ಗಿಫು ಪ್ರಾಂತದ ತಕಾಯಾಮಾ ನಗರ 2005ರಲ್ಲಿ ಸುತ್ತಲ ಒಂಬತ್ತು ಊರುಗಳನ್ನು ಸೇರಿಸಿಕೊಂಡು 2,177 ಚದರ ಕಿಲೋಮೀಟರಿನಷ್ಟಾಯಿತು. ಇದು ನಮ್ಮ ಕೊಡಗು ಜಿಲ್ಲೆಯ ಅರ್ಧಕ್ಕಿಂತ ದೊಡ್ಡದು. ಬಹುಪಾಲು ಬೆಟ್ಟ ಕಾಡು. ಅದೇ ವರ್ಷ ಶಿಜುವೊಕಾ ಪ್ರಾಂತದಲ್ಲಿ ಹನ್ನೆರಡು ಸಂಸ್ಥೆಗಳು ಸೇರಿ ಹೊಸ ಹಮಾಮತ್ಸು ನಗರವಾಯಿತು.

ಜಪಾನಿನ ಕಾರಣ ಮೈಸೂರಿಗೆ ಹೊಂದುವುದಿಲ್ಲ. ಅಲ್ಲಿ ಹಳ್ಳಿ ಖಾಲಿಯಾಗಿ ಸೇರಿತು, ಇಲ್ಲಿ ಹಳ್ಳಿ ತುಂಬಿ ತುಳುಕಿ ಸೇರುತ್ತಿದೆ. ಆದರೆ ಅಲ್ಲಿನ ವಿಧಾನದಲ್ಲಿ ಕಲಿಯುವುದಿದೆ. ಸೇರಲಿರುವ ಊರುಗಳು ಮೊದಲು ಕಾನೂನುಬದ್ಧ ವಿಲೀನ ಮಂಡಳಿ ಮಾಡಿಕೊಂಡು ಹೊಸ ನಗರದ ಹೆಸರು, ಕಚೇರಿಯ ಜಾಗ, ತೆರಿಗೆಯ ದರ, ಸಿಬ್ಬಂದಿಯ ಗತಿ ಇವನ್ನೆಲ್ಲ ಮಾತಾಡಿ ಮುಗಿಸುತ್ತಿದ್ದವು. ಅನೇಕ ಊರುಗಳು ಜನಮತ ತೆಗೆದುಕೊಂಡವು. ಶಿಗಾ ಪ್ರಾಂತದ ಮೈಬಾರಾ 2002ರಲ್ಲಿ ಅಲ್ಲಿ ಕಾಯಂ ನೆಲೆಸಿದ ವಿದೇಶೀಯರಿಗೂ ಮತ ಕೊಟ್ಟಿತು. ನಾಗಾನೋ ಬೆಟ್ಟಸಾಲಿನ ಹಿರಾಯಾ ಎಂಬ ಪುಟ್ಟ ಹಳ್ಳಿ 2003ರಲ್ಲಿ ಮಾಧ್ಯಮಿಕ ಶಾಲೆಯ ಮಕ್ಕಳನ್ನೂ ಮತಗಟ್ಟೆಗೆ ಕರೆಯಿತು. ಊರಿನ ಮುಂದಿನ ದಿನಗಳನ್ನು ಬದುಕಬೇಕಾದವರು ಅವರೇ ತಾನೆ. ಫುಕುಷಿಮಾದ ಯಾಮಾತ್ಸುರಿ ಪಟ್ಟಣ ಸೇರುವುದಿಲ್ಲವೆಂದು 2001ರಲ್ಲೇ ಘೋಷಿಸಿತು; ಖರ್ಚು ಉಳಿಸಲು ಅದರ ಚುನಾಯಿತ ಸದಸ್ಯರು ತಿಂಗಳ ಸಂಬಳ ಬಿಟ್ಟು ದಿನಭತ್ಯೆಗೆ ಒಪ್ಪಿದರು. ಸೇರಿದ ಕಡೆಗಳಲ್ಲಿ ಹಳೆಯ ಊರಿನ ಕಚೇರಿಗಳು ಶಾಖೆಗಳಾಗಿ ಸೊರಗಿದವು, ದೂರದ ಹಳ್ಳಿಗಳ ದನಿ ಕುಗ್ಗಿತು ಎಂಬ ದೂರು ಇಂದಿಗೂ ಕೇಳಿಬರುತ್ತದೆ. ಅದಕ್ಕೆ ಪರಿಹಾರವಾಗಿ 2004ರ ಕಾನೂನು ತಿದ್ದುಪಡಿ ಹಳೆಯ ಊರುಗಳಿಗೆ ನಗರದೊಳಗೇ ಸಲಹಾ ಮಂಡಳಿಯಿರುವ ಸ್ವಾಯತ್ತ ವಲಯಗಳ ಅವಕಾಶ ಕೊಟ್ಟಿತು.

ಭಾರತದ ಸಂವಿಧಾನದಲ್ಲೂ ಇಂಥ ದಾರಿ ಇದೆ, ಅದನ್ನು ಬಳಸಿದ್ದು ಕಡಿಮೆ. 243ಎಸ್ ವಿಧಿಯಂತೆ 3 ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು. ಸೇರುವ ಪ್ರತಿ ಹಳ್ಳಿಗೂ ತನ್ನ ವಾರ್ಡ್ ಸಮಿತಿಯಲ್ಲಿ ಖಚಿತ ಸ್ಥಾನ ಕೊಟ್ಟರೆ, ವರ್ಷಕ್ಕೆರಡು ಬಾರಿಯಾದರೂ ಹಳೆಯ ಗ್ರಾಮಸಭೆಯಂತೆ ಜನರ ಮುಂದೆ ಲೆಕ್ಕ ಒಪ್ಪಿಸುವ ಕ್ರಮ ತಂದರೆ, ಕಳೆದುಹೋಗುವ ದನಿಯ ಒಂದು ಪಾಲು ಉಳಿಯುತ್ತದೆ. ವಾರ್ಡು ಹೊಸದಾಗಿ ಕತ್ತರಿಸುವಾಗ ಹಳ್ಳಿಯನ್ನು ಎರಡು ಮೂರು ಹೋಳು ಮಾಡಿ ಬೇರೆ ಬೇರೆ ಬಡಾವಣೆಗಳಿಗೆ ಹಂಚದಿರುವುದೂ ಅಷ್ಟೇ ಮುಖ್ಯ.

ಊರಿನ ಸಾಮೂಹಿಕ ಆಸ್ತಿಯ ಬಗ್ಗೆ ಮಾತು ಇನ್ನೂ ಕಡಿಮೆ. ಹಳ್ಳಿಯೊಂದಿಗೆ ಅದರ ಗೋಮಾಳ, ಸ್ಮಶಾನ, ಕಲ್ಯಾಣಿ, ಕೆರೆ, ಕೆರೆಗೆ ನೀರು ತರುವ ಹಳ್ಳಕೊಳ್ಳಗಳೂ ನಗರದ ಲೆಕ್ಕಕ್ಕೆ ಬರುತ್ತವೆ. ಮೈಸೂರಿನ ಕೆರೆಗಳ ಒಡೆತನ ಈಗಾಗಲೇ ಹಂಚಿಹೋಗಿದೆ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು. ಹೊಸದಾಗಿ ಬರುವ ಕೆರೆಗಳಿಗೆ ಅಧಿಸೂಚನೆಗೆ ಮೊದಲೇ ಸರ್ವೆ ಮಾಡಿ, ಗಡಿಕಲ್ಲು ನೆಟ್ಟು, ಯಾರ ಹೊಣೆಯೆಂದು ಬರೆದಿಡದಿದ್ದರೆ, ಎರಡು ಆಡಳಿತಗಳ ನಡುವಿನ ತೆರಪಿನಲ್ಲಿ ಒತ್ತುವರಿ ನಡೆದುಹೋಗುತ್ತದೆ. ಸಿಬ್ಬಂದಿಯ ವಿಷಯವೂ ಹಾಗೆಯೇ. ಪಂಚಾಯಿತಿಯ ನೀರುಗಂಟಿಗಳು, ಸ್ವಚ್ಛತಾ ಕೆಲಸಗಾರರು ಪಾಲಿಕೆಯ ನೌಕರರಾಗುವರೇ, ಗುತ್ತಿಗೆಗೆ ದೂಡಲ್ಪಡುವರೇ ಎಂಬುದು ಅಧಿಸೂಚನೆಯ ಅಡಿಟಿಪ್ಪಣಿಯಲ್ಲಿ ತೀರುವ ಸಂಗತಿಯಲ್ಲ. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ರಾಜ್ಯ ಒಪ್ಪಿಕೊಂಡ ಮಾನದಂಡ. ಊರುಗಳು ಸೇರಿ ಜನಸಂಖ್ಯೆ ಹೆಚ್ಚಿದಾಗ ಆ ಲೆಕ್ಕದಲ್ಲಿ ಹೊಸಬರನ್ನು ತೆಗೆದುಕೊಳ್ಳದೆ ಇರುವವರ ಮೇಲೆಯೇ ಹೊರೆ ಹಾಕಿದರೆ, ಸ್ವಚ್ಛ ನಗರವೆಂಬ ಹೆಸರು ಉಳಿಯುವುದು ಕಷ್ಟ.

ಮೈಸೂರಿನ ಅಂಚಿನ ಊರುಗಳು ನಗರಕ್ಕೆ ಸೇರುವುದು ತಪ್ಪುವಂಥದಲ್ಲ. ಬೋಗಾದಿಯೂ ಹಿನಕಲ್ಲೂ ಬದುಕಿನಲ್ಲಿ ಆಗಲೇ ಸೇರಿಹೋಗಿವೆ. ಉಳಿದಿರುವುದು ಕ್ರಮದ ಪ್ರಶ್ನೆ. ಸೇರಿಸುವ ಆದೇಶದ ಜೊತೆಗೇ ಕಾವೇರಿ ನೀರು ಮತ್ತು ಒಳಚರಂಡಿ ಯಾವ ಬಡಾವಣೆಗೆ ಯಾವ ವರ್ಷ ಎಂಬ ಪಟ್ಟಿಯನ್ನು ಸರ್ಕಾರ ಪ್ರಕಟಿಸಬೇಕು. ಆ ಸೌಲಭ್ಯ ಮುಟ್ಟುವವರೆಗೆ ನಗರದ ಪೂರ್ಣ ತೆರಿಗೆ ಹಾಕಬಾರದು. ವಾರ್ಡು ವಿಂಗಡಣೆಯಾದ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಕರಡು ಅಧಿಸೂಚನೆ ಕೈಗೆ ಬಂದಾಗ ಆಕ್ಷೇಪಣೆಯ ಅವಧಿ ಮುಗಿಯುವುದರೊಳಗೆ ಹೂಟಗಳ್ಳಿಯಿಂದ ಕಡಕೊಳದವರೆಗಿನ ನಿವಾಸಿಗಳು ಈ ಮೂರನ್ನೂ ಬರವಣಿಗೆಯಲ್ಲಿ ಕೇಳಬೇಕು. ಅಂತಿಮ ಅಧಿಸೂಚನೆ ಆದ ಮೇಲೆ ಕೇಳಲು ಕಾನೂನಿನಲ್ಲಿ ಉಳಿಯುವ ಜಾಗ ನ್ಯಾಯಾಲಯ ಮಾತ್ರ.